ಪ್ರತಿಧ್ವನಿಯಾದ ಹುಡುಗಿಯ ಸೀಮೆಯಲ್ಲಿ ಎರಡು ದಿನ

ಚೀನಾ ಎಂದೊಡನೆ ನಮ್ಮಲ್ಲಿ ಬಹುಜನರ ಕಣ್ಣಮುಂದೆ ಬರುವುದು ಮಹಾಗೋಡೆ, ಬೀಜಿಂಗಿನ ಅರಮನೆ, ಶಾಂಘಾಯಿಯ ಗಗನಚುಂಬಿ ಕಟ್ಟಡಗಳು. ಆ ದೇಶದ ನೈಋತ್ಯ ಮೂಲೆಯಲ್ಲಿ, ಬರ್ಮಾ, ಲಾವೋಸ್ ಮತ್ತು ವಿಯೆಟ್ನಾಮ್ ದೇಶಗಳಿಗೆ ಬೆನ್ನು ತಾಗಿಸಿಕೊಂಡು ಯುನ್ನಾನ್ ಎಂಬ ಗುಡ್ಡಗಾಡಿನ ಪ್ರಾಂತವೊಂದಿದೆ. ಅಲ್ಲಿ ಹತ್ತಾರು ಬುಡಕಟ್ಟುಗಳು ತಮ್ಮ ತಮ್ಮ ನುಡಿ, ಉಡುಗೆ, ಹಬ್ಬಗಳೊಡನೆ ಬಾಳುತ್ತಿವೆ ಎಂಬುದು ಹೆಚ್ಚಿನವರಿಗೆ ತಿಳಿಯದು. ನಮಗೂ ತಿಳಿದಿರಲಿಲ್ಲ. ೨೦೧೯ರ ಅಕ್ಟೋಬರ್ ತಿಂಗಳಿನಲ್ಲಿ ಮುಂಬಯಿಯಿಂದ ಹೊರಟ ನಾವು ಐವರು ಆ ಪ್ರಾಂತದ ಶಿಲಿನ್ ಎಂಬ ಪುಟ್ಟ ಸೀಮೆಯಲ್ಲಿ ಎರಡು ದಿನ ಕಳೆದು ಬಂದೆವು. ಕಂಡದ್ದು ಕಲ್ಲು, ಕೇಳಿದ್ದು ಕಥೆ, ಉಂಡದ್ದು ನಮ್ಮ ಪನೀರಿನ ಅಕ್ಕನಂತಿದ್ದ ಒಂದು ತಿನಿಸು. ಆದರೆ ಮರಳಿ ಬಂದ ಮೇಲೆ ಮನಸ್ಸಿನಲ್ಲಿ ಉಳಿದದ್ದು ಇವು ಮೂರೂ ಅಲ್ಲದ ಇನ್ನೊಂದು. ಅದನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ದಾರಿ ಮತ್ತು ನೆಲ

ಆಗ ಕೋಲ್ಕತ್ತದಿಂದ ಯುನ್ನಾನಿನ ರಾಜಧಾನಿ ಕುನ್ಮಿಂಗಿಗೆ ನೇರ ವಿಮಾನವಿತ್ತು. ಹಾರಾಟ ಸುಮಾರು ಎರಡೂವರೆ ಗಂಟೆ. ಮುಂಬಯಿಯಿಂದ ಕೋಲ್ಕತ್ತಕ್ಕೆ ಹೋಗುವಷ್ಟೇ ಹೊತ್ತಿನಲ್ಲಿ ಕೋಲ್ಕತ್ತದಿಂದ ಚೀನಾ ತಲುಪಬಹುದೆಂಬ ಸಂಗತಿಯೇ ನಮಗೆ ವಿಸ್ಮಯ ತಂದಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಮಿನ ವಿಮಾನ ನಿಲ್ದಾಣಗಳಿಂದ ಹಿಮಾಲಯದ ಪೂರ್ವದ ತುದಿಯನ್ನು ದಾಟಿ ಸರಕು ಸಾಗಿಸುತ್ತಿದ್ದ ವಿಮಾನಗಳು ಇಳಿಯುತ್ತಿದ್ದದ್ದೂ ಇದೇ ಕುನ್ಮಿಂಗಿನಲ್ಲಿ. ನಗರವು ಸಮುದ್ರಮಟ್ಟದಿಂದ ಸುಮಾರು ೧,೯೦೦ ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಧಗೆಯಾಗಲಿ ಉತ್ತರ ಚೀನಾದ ಕಡುಚಳಿಯಾಗಲಿ ಇಲ್ಲದಿರುವುದರಿಂದ ಇದನ್ನು ವಸಂತನಗರಿ ಎಂದು ಕರೆಯುತ್ತಾರೆ.

ಕುನ್ಮಿಂಗಿನಿಂದ ಆಗ್ನೇಯಕ್ಕೆ ಸುಮಾರು ೮೦ ಕಿ.ಮೀ. ದೂರದಲ್ಲಿ ಶಿಲಿನ್ ಇದೆ. ಅತಿವೇಗದ ರೈಲು ಅರ್ಧ ಗಂಟೆಯೊಳಗೆ ನಮ್ಮನ್ನು ಅಲ್ಲಿಗೆ ಮುಟ್ಟಿಸಿತು. ಚೀನೀ ಭಾಷೆಯಲ್ಲಿ 'ಶಿ' ಎಂದರೆ ಕಲ್ಲು, 'ಲಿನ್' ಎಂದರೆ ಕಾಡು. ಹೀಗೆ ಕಲ್ಲುಕಾಡು ಎಂಬುದೇ ಸೀಮೆಯ ಹೆಸರು. ಆಡಳಿತದ ಲೆಕ್ಕದಲ್ಲಿ ಇದೊಂದು ಕೌಂಟಿ. ನಮ್ಮ ತಾಲ್ಲೂಕಿಗೆ ಹೋಲಿಸಬಹುದಾದ ಘಟಕ. ವಿಸ್ತೀರ್ಣ ಸುಮಾರು ೧,೭೦೦ ಚದರ ಕಿ.ಮೀ., ಜನಸಂಖ್ಯೆ ಸುಮಾರು ಎರಡೂವರೆ ಲಕ್ಷ. ಅವರಲ್ಲಿ ಮೂರರಲ್ಲಿ ಒಂದು ಪಾಲು ಯೀ ಎಂಬ ಜನಾಂಗದವರು. ಆ ಯೀ ಜನಾಂಗದ ಸಾನಿ ಎಂಬ ಶಾಖೆಗೆ ಈ ನೆಲವೇ ತವರು. ೧೯೫೬ರಲ್ಲಿ ಲುನಾನ್ ಎಂಬ ಹಳೆಯ ಹೆಸರಿನಲ್ಲಿ ಯೀ ಜನರ ಸ್ವಾಯತ್ತ ಕೌಂಟಿಯಾದ ಇದು, ೧೯೯೮ರಲ್ಲಿ ತನ್ನ ಕಲ್ಲುಗಳ ಹೆಸರನ್ನೇ ತಾಳಿತು. ಹೆಸರು ಬದಲಾದುದಕ್ಕೆ ಪ್ರವಾಸೋದ್ಯಮವೇ ಕಾರಣವೆಂದು ಬೇರೆ ಹೇಳಬೇಕಾಗಿಲ್ಲ.

ಸಾನಿಗಳ ನುಡಿ ಚೀನೀ ಭಾಷೆಯಲ್ಲ. ಅದು ಟಿಬೆಟೋ-ಬರ್ಮನ್ ಕುಟುಂಬಕ್ಕೆ ಸೇರಿದುದು. ನಮ್ಮ ದೇಶದ ಮಣಿಪುರಿ, ಬೋಡೋ ಮತ್ತು ನಾಗಾ ನುಡಿಗಳಿಗೆ ದೂರದ ಬಂಧು. ಅದಕ್ಕೆ ತನ್ನದೇ ಆದ ಪ್ರಾಚೀನ ಲಿಪಿಯೂ ಇದೆ. ಬಿಮೋ ಎಂದು ಕರೆಯಲ್ಪಡುವ ಪುರೋಹಿತರು ಮಂತ್ರಗಳನ್ನೂ ವಂಶಾವಳಿಗಳನ್ನೂ ಆ ಲಿಪಿಯಲ್ಲಿ ಬರೆದಿಟ್ಟುಕೊಂಡು ಬಂದಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದು ನೆಲೆಸಿದ ಪಾಲ್ ವಿಯಾಲ್ ಎಂಬ ಫ್ರೆಂಚ್ ಪಾದ್ರಿ ಈ ನುಡಿಯನ್ನು ಕಲಿತು, ೧೯೦೯ರಲ್ಲಿ ಅದರ ನಿಘಂಟನ್ನು ಪ್ರಕಟಿಸಿದನು. ಕನ್ನಡಕ್ಕೆ ಕಿಟ್ಟೆಲರು ೧೮೯೪ರಲ್ಲಿ ಮಾಡಿಕೊಟ್ಟ ಉಪಕಾರ ಇಲ್ಲಿ ನೆನಪಾಗದಿರದು.

ಕಲ್ಲು ಕಾಡಾದ ಬಗೆ

ದ್ವಾರದಿಂದ ಬ್ಯಾಟರಿ ಗಾಡಿಯಲ್ಲಿ ಒಳಗೆ ಸಾಗಿದರೆ ಮೊದಲು ಕಾಣುವುದು ಹುಲ್ಲುಹಾಸು, ಕೊಳ, ಅಲ್ಲಲ್ಲಿ ನೀರಿನಿಂದ ತಲೆಯೆತ್ತಿದ ಬಂಡೆ. ಇಷ್ಟೇಯೇ ಎಂದು ನಾವು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ದಾರಿ ತಿರುಗಿತು. ಬೂದುಬಣ್ಣದ ಸಾವಿರಾರು ಕಂಬಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿದ್ದವು. ಕೆಲವು ಮೂವತ್ತು ಮೀಟರಿಗೂ ಮೀರಿದ ಎತ್ತರ. ತುದಿಗಳು ಕತ್ತಿಯಂತೆ ಚೂಪು, ಮೈಯೆಲ್ಲ ಉದ್ದುದ್ದ ಗೀರುಗಳು. ನಡುವೆ ಒಬ್ಬರೇ ನುಸುಳಬಹುದಾದ ಸಂದು, ಮೇಲೆ ಪಟ್ಟಿಯಷ್ಟು ಆಕಾಶ. ಒಂದು ದೊಡ್ಡ ಬಂಡೆಯ ಮೇಲೆ ಕೆಂಪಕ್ಷರದಲ್ಲಿ 'ಶಿಲಿನ್' ಎಂದು ಕೆತ್ತಿದ್ದಾರೆ. ೧೯೩೧ರಲ್ಲಿ ಅಂದಿನ ಯುನ್ನಾನ್ ಪ್ರಾಂತಾಧಿಪತಿ ಲುಂಗ್ ಯುನ್ ಬರೆದ ಅಕ್ಷರಗಳವು. ಆತನೂ ಯೀ ಜನಾಂಗದವನೇ.

ಈ ಕಾಡು ಬೆಳೆದುದು ಹೇಗೆ? ಸುಮಾರು ೨೭ ಕೋಟಿ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಚಿಪ್ಪುಜೀವಿಗಳ ಅವಶೇಷಗಳು ತಳದಲ್ಲಿ ಪದರಪದರವಾಗಿ ಕೂಡಿ ಸುಣ್ಣಕಲ್ಲಾದವು. ಭೂಮಿ ಮೇಲೆದ್ದು ಸಮುದ್ರ ಹಿಂಜರಿದಾಗ ಕಲ್ಲಿನ ಹಾಸು ಅಡ್ಡಡ್ಡ, ಉದ್ದುದ್ದ ಬಿರುಕು ಬಿಟ್ಟಿತು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗಿ ಆ ಬಿರುಕುಗಳಲ್ಲಿ ಇಳಿಯುತ್ತದೆ. ಇಳಿಯುತ್ತ ಸುಣ್ಣಕಲ್ಲನ್ನು ಕರಗಿಸುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಕೆತ್ತನೆ ಬಹುಮಟ್ಟಿಗೆ ನಡೆದದ್ದು ಬಯಲಿನಲ್ಲಲ್ಲ, ಮಣ್ಣಿನ ಅಡಿಯಲ್ಲಿ. ಒದ್ದೆ ಮಣ್ಣು ಕಲ್ಲಿಗೆ ಅಂಟಿಕೊಂಡು ಎಲ್ಲ ಕಡೆಯಿಂದ ಸವೆಸಿ ಕಂಬಗಳನ್ನು ನುಣುಪಾಗಿ ರೂಪಿಸಿತು. ಮೇಲಿನ ಮಣ್ಣು ಕೊಚ್ಚಿಹೋದಂತೆ ಕಂಬಗಳು ಹೊರಬಂದವು. ಅನಂತರ ನೇರವಾಗಿ ಬಿದ್ದ ಮಳೆ ತುದಿಗಳನ್ನು ಹರಿತಗೊಳಿಸಿತು. ಆದುದರಿಂದಲೇ ಒಂದೇ ಕಂಬದ ಬುಡ ಉರುಟು, ತಲೆ ಚೂಪು. ನಡುವೆ ಒಮ್ಮೆ ಜ್ವಾಲಾಮುಖಿಯ ಲಾವಾ ಹರಿದು ಈ ಕಾಡನ್ನು ಮುಚ್ಚಿದ್ದೂ ಉಂಟು. ಕಾಲಾಂತರದಲ್ಲಿ ಆ ಮುಸುಕೂ ಸವೆದು ಕಲ್ಲು ಮತ್ತೆ ಬೆಳಕು ಕಂಡಿತು.

ಇಂಥ ಕಲ್ಲು ಸೀಮೆಯಲ್ಲಿ ಸುಮಾರು ೩೫೦ ಚದರ ಕಿ.ಮೀ.ಗಳಷ್ಟು ಹರಡಿದೆ. ೨೦೦೭ರಲ್ಲಿ 'ದಕ್ಷಿಣ ಚೀನಾದ ಕಾರ್ಸ್ಟ್' ಎಂಬ ಹೆಸರಿನಲ್ಲಿ, ಗುಯಿಝೌ ಪ್ರಾಂತದ ಲಿಬೋ ಮತ್ತು ಚೋಂಗ್‌ಚಿಂಗಿನ ವುಲೋಂಗ್ ಪ್ರದೇಶಗಳೊಡನೆ ಶಿಲಿನ್ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಮುಖ್ಯ ಕಾಡಿನ ಉತ್ತರಕ್ಕೆ ನೈಗು ಎಂಬ ಕರಿಯ ಕಲ್ಲುಗಳ ಇನ್ನೊಂದು ಕಾಡಿದೆ. ಅಲ್ಲಿ ಜನಸಂದಣಿ ಕಡಿಮೆ. ಪಾ ನದಿಯ ಮೇಲಿನ ದಾಡಿಯೇಶೂಯಿ ಎಂಬ ಜಲಪಾತವೂ ಸೀಮೆಯೊಳಗೇ ಇದೆ. ನಮಗೆ ಸಮಯ ಸಾಲದೆ ಅದನ್ನು ನೋಡಲಾಗಲಿಲ್ಲ.

ಕರ್ನಾಟಕದವರಿಗೆ ಈ ದೃಶ್ಯ ತೀರ ಅಪರಿಚಿತವೆನಿಸದು. ಉತ್ತರ ಕನ್ನಡದ ಯಾಣದಲ್ಲಿ ಕಾಡಿನ ನಡುವೆ ಎದ್ದು ನಿಂತಿರುವ ಭೈರವೇಶ್ವರ ಶಿಖರ ಮತ್ತು ಮೋಹಿನಿ ಶಿಖರ ಇದೇ ಸುಣ್ಣಕಲ್ಲಿನ ಜಾತಿಯವು. ಅಲ್ಲಿ ಎರಡು ಶಿಖರ, ಇಲ್ಲಿ ಸಾವಿರಾರು. ಯಾಣದ ಕರಿಗಲ್ಲಿಗೆ ನಮ್ಮ ಹಿರಿಯರು ಭಸ್ಮಾಸುರನ ಕಥೆ ಕಟ್ಟಿದರು. ಸಾನಿಗಳ ಹಿರಿಯರೂ ಸುಮ್ಮನೆ ಕುಳಿತಿಲ್ಲ.

ಕೋಳಿ ಕೂಗಿತು, ಕಲ್ಲು ನಿಂತಿತು

ನಮಗೆ ದಾರಿ ತೋರಿಸಲು ಬಂದವಳು ಸುಮಾರು ಮೂವತ್ತರ ಹರೆಯದ ಸಾನಿ ಹೆಣ್ಣುಮಗಳು. ಬಣ್ಣದ ಪಟ್ಟಿಗಳ ತಲೆಯುಡುಗೆ, ಕಸೂತಿಯ ಮೇಲಂಗಿ, ಸ್ಪಷ್ಟವಾದ ಇಂಗ್ಲಿಷು. "ನನ್ನನ್ನು ಅಶಿಮಾ ಎಂದು ಕರೆಯಿರಿ" ಎಂದಳು. ಬಳಿಕ ತಿಳಿದದ್ದೆಂದರೆ, ಅಲ್ಲಿ ಹೆಣ್ಣುಮಕ್ಕಳೆಲ್ಲರನ್ನೂ ಪ್ರವಾಸಿಗರು ಅಶಿಮಾ ಎಂದೇ ಕರೆಯುತ್ತಾರೆ, ಗಂಡಸರನ್ನು ಅಹೇ ಎಂದು.

ಆಕೆ ಹೇಳಿದ ಮೊದಲ ಕಥೆ ಕಲ್ಲುಗಳದು. ಬರಗಾಲದಿಂದ ಬೇಸತ್ತ ಜನರಿಗಾಗಿ ಅಣೆಕಟ್ಟು ಕಟ್ಟಬೇಕೆಂದು ಸಾನಿಗಳ ವೀರನೊಬ್ಬ ಬಯಸಿದನಂತೆ. ಬೆಟ್ಟಗಳನ್ನು ದನಗಳಂತೆ ಅಟ್ಟಬಲ್ಲ ಮಾಯೆಯ ಚಾವಟಿಯನ್ನು ದೇವತೆಗಳಿಂದ ಕದ್ದು ತಂದನು. ರಾತ್ರಿಯೆಲ್ಲ ಕಲ್ಲುಗಳನ್ನು ಮಂದೆಯಾಗಿ ಹೊಡೆದುಕೊಂಡು ಬಂದನು. ಇನ್ನೇನು ನದಿ ಮುಟ್ಟಬೇಕು, ಅಷ್ಟರಲ್ಲಿ ಕೋಳಿ ಕೂಗಿತು, ಚಾವಟಿಯ ಶಕ್ತಿ ಉಡುಗಿತು. ಕಲ್ಲುಗಳು ನಿಂತಲ್ಲೇ ನಿಂತವು. ಅವನೂ ಉಳಿಯಲಿಲ್ಲ. ಇದನ್ನು ಕೇಳುತ್ತಿದ್ದಂತೆ ನಮ್ಮ ಅತ್ತಿಗೆಯವರು ನಕ್ಕರು. ಒಂದೇ ರಾತ್ರಿಯಲ್ಲಿ ಗುಡಿ ಕಟ್ಟಲು ಹೊರಟು, ಕೋಳಿ ಕೂಗಿದ್ದರಿಂದ ಅರ್ಧಕ್ಕೆ ನಿಲ್ಲಿಸಿದ ಐತಿಹ್ಯ ನಮ್ಮ ಎಷ್ಟೋ ಊರುಗಳಲ್ಲಿಲ್ಲವೇ?

ಆಕೆಯ ತಲೆಯುಡುಗೆಗೂ ಒಂದು ಕಥೆಯಿತ್ತು. ಒಲಿದ ಜೋಡಿಯೊಂದು ಬಲವಂತಕ್ಕೆ ಮಣಿಯದೆ ಬೆಂಕಿಗೆ ಹಾರಿ ಕಾಮನಬಿಲ್ಲಾಯಿತಂತೆ. ಆ ಬಣ್ಣಗಳನ್ನೇ ಸಾನಿ ಹೆಂಗಸರು ತಲೆಗೆ ಸುತ್ತಿಕೊಳ್ಳುತ್ತಾರೆ. ಮದುವೆಯಾಗದ ಹುಡುಗಿಯ ಉಡುಗೆಯಲ್ಲಿ ಚಿಟ್ಟೆಯ ರೆಕ್ಕೆಗಳಂತೆ ಎರಡು ತ್ರಿಕೋನಗಳಿರುತ್ತವೆ. ಅದನ್ನು ಮುಟ್ಟಿದ ಗಂಡು ಹುಡುಗಿಯ ಮನೆಯಲ್ಲಿ ಮೂರು ವರ್ಷ ದುಡಿಯಬೇಕೆಂಬುದು ಪ್ರವಾಸಿಗರಿಗೆ ಹೇಳುವ ತಮಾಷೆಯ ಮಾತು. ನಮ್ಮ ತಂಡದ ಗಂಡಸರು ಕೈಗಳನ್ನು ಜೇಬಿನಲ್ಲಿಟ್ಟುಕೊಂಡರು.

ಅಶಿಮಾಳ ಕಥೆ

ಸಣ್ಣ ಕಲ್ಲುಕಾಡು ಎಂಬ ಭಾಗದಲ್ಲಿ, ಕೊಳವೊಂದರ ದಂಡೆಯಲ್ಲಿ ಒಂಟಿ ಕಂಬವೊಂದಿದೆ. ಬೆನ್ನಿಗೆ ಬುಟ್ಟಿ ಹೊತ್ತು, ತಲೆಗೆ ವಸ್ತ್ರ ಸುತ್ತಿ, ದೂರ ನೋಡುತ್ತ ನಿಂತ ಹುಡುಗಿಯಂತೆ ಕಾಣುತ್ತದೆ. ಅದೇ ಅಶಿಮಾ ಶಿಲೆ. ಅದರ ಕಥೆ ಸಾನಿಗಳ ಮಹಾಗೀತೆ. ಸಂಗ್ರಹವಾಗಿ ಹೇಳುವುದಾದರೆ ಅದು ಹೀಗಿದೆ.

ಬಡವರ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಚಿನ್ನ ಎಂಬರ್ಥದಲ್ಲಿ ಅಶಿಮಾ ಎಂದು ಹೆಸರಿಟ್ಟರು. ಅವಳಿಗೆ ಅಹೇ ಎಂಬ ಅಣ್ಣ. ರೆಬುಬಾಲಾ ಎಂಬ ಸಿರಿವಂತ ತನ್ನ ಮಗ ಅಝಿಗೆ ಅವಳನ್ನು ತಂದುಕೊಳ್ಳಲು ಮದುವೆಯ ದಲ್ಲಾಳಿಯನ್ನು ಕಳುಹಿಸಿದನು. ಹುಡುಗಿ ಒಲ್ಲೆನೆಂದಳು. ಅಹೇ ದೂರದ ಹುಲ್ಲುಗಾವಲಿಗೆ ಆಡು ಮೇಯಿಸಲು ಹೋಗಿದ್ದಾಗ ಅವಳನ್ನು ಎತ್ತಿಕೊಂಡು ಹೋದರು. ಅತ್ತ ಅಣ್ಣನಿಗೆ ಕೆಟ್ಟ ಕನಸು ಬಿತ್ತು. ಮನೆಗೆ ಓಡಿ ಬಂದು, ಸುದ್ದಿ ತಿಳಿದು, ಕುದುರೆಯೇರಿ ಹೊರಟನು.

ಸಿರಿವಂತನ ಬಾಗಿಲಿನಲ್ಲಿ ಸ್ಪರ್ಧೆಗಳು ನಡೆದವು. ಮೊದಲು ಹಾಡಿನಲ್ಲಿ ಸವಾಲು ಜವಾಬು, ಅಹೇ ಗೆದ್ದನು. ಮರ ಕಡಿಯುವುದರಲ್ಲಿಯೂ ಗೆದ್ದನು. ಬಿತ್ತಿದ ಕಾಳನ್ನು ಮತ್ತೆ ಆರಿಸಿ ತರಬೇಕೆಂದಾಗ ಮೂರು ಕಾಳು ಕಡಿಮೆ ಬಿದ್ದವು. ಅವನ್ನು ನುಂಗಿದ್ದ ಹಕ್ಕಿಯನ್ನು ಬಾಣದಿಂದ ಹೊಡೆದು ಕಾಳು ತಂದನು. ರಾತ್ರಿ ಅವನ ಮೇಲೆ ಹುಲಿಗಳನ್ನು ಬಿಟ್ಟರು, ಅವನ್ನೂ ಕೊಂದನು. ಕೊನೆಗೆ ಮನೆಯ ಮೇಲೆ ಬಾಣ ಬಿಟ್ಟನು. ಕಂಬಕ್ಕೂ ಪೂಜೆಯ ಪೀಠಕ್ಕೂ ನಾಟಿದ ಬಾಣವನ್ನು ಯಾರಿಗೂ ಕೀಳಲಾಗಲಿಲ್ಲ, ಅಶಿಮಾ ಒಬ್ಬಳೇ ಕಿತ್ತಳು. ಬೇರೆ ದಾರಿ ಕಾಣದೆ ಅವಳನ್ನು ಬಿಟ್ಟುಕೊಟ್ಟರು.

ಆದರೆ ಅಣ್ಣ ತಂಗಿ ಊರಿಗೆ ಮರಳುವ ದಾರಿಯಲ್ಲಿ, ಬಂಡೆಗಳ ಕೆಳಗೆ, ನದಿಯಲ್ಲಿ ಒಮ್ಮೆಗೆ ನೆರೆ ಬಂದಿತು. ಸಿರಿವಂತ ಬಂಡೆಯ ದೇವತೆಯನ್ನು ಬೇಡಿಕೊಂಡು ತರಿಸಿದ ನೆರೆ ಅದು. ಅಶಿಮಾಳನ್ನು ನೀರು ಎಳೆದೊಯ್ದಿತು. ಬಂಡೆಯ ಮೇಲೆ ವಾಸಿಸುವ ಪ್ರತಿಧ್ವನಿಯ ದೇವತೆ ಅವಳನ್ನು ಎತ್ತಿಕೊಂಡಳು. ಅಂದಿನಿಂದ ಅಶಿಮಾ ಪ್ರತಿಧ್ವನಿಯಾದಳು. ಊಟದ ಹೊತ್ತಿಗೆ ಹೊರಗೆ ಬಂದು ಕೂಗಿ ಕರೆಯಿರಿ, ಓಗೊಡುತ್ತೇನೆ ಎಂಬುದು ಅವಳು ಮನೆಯವರಿಗೆ ಕೊಟ್ಟ ಮಾತು.

ಈ ಕಥೆ ಕೇಳಿದಾಗ ನಮಗೆ ನಮ್ಮ 'ಕೆರೆಗೆ ಹಾರ' ನೆನಪಾಯಿತು. ಅಲ್ಲಿಯೂ ಮನೆಯ ಹೆಣ್ಣನ್ನು ನೀರು ಕೊಳ್ಳುತ್ತದೆ. ಅಲ್ಲಿಯೂ ದೂರದ ದಂಡಿನಲ್ಲಿದ್ದ ಮಾದೇವರಾಯನಿಗೆ ಕೆಟ್ಟ ಕನಸು ಬಿದ್ದು, ಅವನು ಕುದುರೆಯೇರಿ ಬರುತ್ತಾನೆ, ತಡವಾಗಿ ಬರುತ್ತಾನೆ. ಒಂದು ದೊಡ್ಡ ವ್ಯತ್ಯಾಸವೂ ಉಂಟು. ಭಾಗೀರಥಿಯನ್ನು ಕೊಟ್ಟವರು ಅವಳ ಅತ್ತೆಮಾವಂದಿರೇ. ಅವಳು ಬಾಯಿ ತೆರೆಯದೆ ಹೋಗುತ್ತಾಳೆ. ಅಶಿಮಾ ಮೊದಲಿನಿಂದ ಕೊನೆಯವರೆಗೂ ಒಲ್ಲೆನೆನ್ನುತ್ತಾಳೆ, ಸತ್ತ ಮೇಲೂ ಅವಳ ದನಿ ನಿಲ್ಲುವುದಿಲ್ಲ. ಇಬ್ಬರಿಗೂ ಪರಸ್ಪರ ಪರಿಚಯವಿರಲು ಸಾಧ್ಯವಿಲ್ಲ. ನೀರಿಲ್ಲದ ನಾಡಿನಲ್ಲಿ ನೀರಿಗೂ ಹೆಣ್ಣಿಗೂ ಒಂದೇ ಬಗೆಯ ದುಃಖ ಅಂಟಿಕೊಳ್ಳುತ್ತದೆಯೋ ಏನೋ.

ಕಥೆಗೆ ಬಂದ ಕಥೆ

ಈ ಹಾಡು ತಲೆಮಾರುಗಳಿಂದ ಬಾಯಿಂದ ಬಾಯಿಗೆ, ಮದುವೆಮನೆಗಳಲ್ಲಿಯೂ ಬಿಮೋಗಳ ಹೊತ್ತಗೆಗಳಲ್ಲಿಯೂ ಉಳಿದು ಬಂದಿತ್ತು. ೧೯೫೩ರಲ್ಲಿ ಯುನ್ನಾನಿನ ಸಾಂಸ್ಕೃತಿಕ ತಂಡವೊಂದು ಹಳ್ಳಿಗಳಿಗೆ ಹೋಗಿ ಇಪ್ಪತ್ತರಷ್ಟು ಪಾಠಗಳನ್ನು ಕಲೆಹಾಕಿತು. ಅವನ್ನು ಹೊಂದಿಸಿ ಚೀನೀ ಭಾಷೆಯಲ್ಲಿ ೧೯೫೪ರಲ್ಲಿ ಪ್ರಕಟಿಸಿದರು. ಅಲ್ಪಕಾಲದಲ್ಲಿಯೇ ಗ್ಲಾಡಿಸ್ ಯಾಂಗ್ ಅವರಿಂದ ಇಂಗ್ಲಿಷಿಗೂ ಬಂದಿತು. ಸಂಪಾದನೆಯಲ್ಲಿ ಬಡವ ಬಲ್ಲಿದರ ಹೋರಾಟದ ಎಳೆಯನ್ನು ಕಾಲಕ್ಕೆ ತಕ್ಕಂತೆ ಎತ್ತಿ ತೋರಿಸಲಾಯಿತೆಂದು ವಿದ್ವಾಂಸರು ಅನಂತರ ಚರ್ಚಿಸಿದ್ದಾರೆ. ೧೯೬೪ರಲ್ಲಿ ಸಿದ್ಧವಾದ 'ಅಶಿಮಾ' ಚಲನಚಿತ್ರದಲ್ಲಿ ಅಹೇ ಅಣ್ಣನಾಗಿ ಉಳಿಯಲಿಲ್ಲ, ಪ್ರಿಯಕರನಾದನು. ಆ ಚಿತ್ರವನ್ನು ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ತಡೆಹಿಡಿಯಲಾಯಿತು. ಅಶಿಮಾಳ ಪಾತ್ರ ವಹಿಸಿದ ಯೀ ಜನಾಂಗದ ನಟಿ ಯಾಂಗ್ ಲಿಕುನ್ ಆ ವರ್ಷಗಳಲ್ಲಿ ಕಠಿನ ಕಿರುಕುಳಕ್ಕೆ ಒಳಗಾದರು. ಗಾಳಿ ತಿರುಗಿದ ಮೇಲೆ ಚಿತ್ರ ತೆರೆ ಕಂಡಿತು, ದೇಶಕ್ಕೆಲ್ಲ ಪ್ರಿಯವಾಯಿತು. ೨೦೦೬ರಲ್ಲಿ ಗೀತೆಯು ಚೀನಾದ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿತು. ಈ ನಡುವೆ ಅಶಿಮಾ ಎಂಬುದು ಸಿಗರೇಟಿನ ಹೆಸರೂ ಆಗಿತ್ತು.

ಇದನ್ನೆಲ್ಲ ಕೇಳಿದ ಮೇಲೆ ಅಶಿಮಾ ಶಿಲೆಯ ಮುಂದೆ ಬಾಡಿಗೆಯ ಸಾನಿ ಉಡುಗೆ ತೊಟ್ಟು ಚಿತ್ರ ತೆಗೆಸಿಕೊಳ್ಳಲು ಸಾಲುಗಟ್ಟಿದ ಪ್ರವಾಸಿಗರನ್ನು ಕಂಡು ನಮಗೆ ಎರಡು ಮನಸ್ಸಾಯಿತು. ಈ ಸಾಲಿನಿಂದಲೇ ಎಷ್ಟೋ ಸಂಸಾರಗಳ ಒಲೆ ಉರಿಯುತ್ತಿದೆ. ಅದೇ ಹೊತ್ತಿಗೆ, ಕಲ್ಲುಕಾಡಿಗೆ ಅಂಟಿಕೊಂಡಿದ್ದ ಸಾನಿ ಹಳ್ಳಿಯೊಂದನ್ನು ಪರಂಪರೆಯ ರಕ್ಷಣೆಗೆಂದು ಅಲ್ಲಿಂದ ಎಬ್ಬಿಸಿ ಹೊಸ ಜಾಗದಲ್ಲಿ ನೆಲೆಗೊಳಿಸಿದ್ದೂ ನಿಜ. ಕಥೆ ಉಳಿಯಿತು, ಕಥೆ ಹೇಳುತ್ತಿದ್ದವರ ಅಂಗಳ ಸರಿದು ಹೋಯಿತು.

ಒಲೆಯ ಬಳಿ

ಪರದೇಶದಲ್ಲಿ ಕನ್ನಡಿಗರ ಮೊದಲ ಚಿಂತೆ ಊಟದ್ದು. ನಮ್ಮಲ್ಲಿ ಇಬ್ಬರು ಶುದ್ಧ ಸಸ್ಯಾಹಾರಿಗಳು. 'ನಾನು ಸಸ್ಯಾಹಾರಿ' ಎಂಬುದಕ್ಕೆ ಚೀನೀ ಭಾಷೆಯಲ್ಲಿ 'ವೊ ಚೀ ಸು' ಎಂದು ಉರುಹೊಡೆದುಕೊಂಡು ಹೋಗಿದ್ದೆವು. ಆದರೂ ಕುನ್ಮಿಂಗಿನ ಊಟದ ಮನೆಯೊಂದರಲ್ಲಿ ಸೊಪ್ಪಿನ ಸಾರೆಂದು ಬಂದುದರಲ್ಲಿ ಕೋಳಿಯ ಜಿಡ್ಡು ತೇಲುತ್ತಿತ್ತು. ಮಾಂಸದ ತುಂಡಿಲ್ಲದಿದ್ದರೆ ಅದು ಸಸ್ಯಾಹಾರವೇ ಎಂಬುದು ಅಲ್ಲಿ ಅನೇಕರ ನಂಬಿಕೆ. ಅಂದಿನಿಂದ ಸಾರಿನ ಗೊಡವೆಗೆ ಹೋಗಲಿಲ್ಲ.

ಶಿಲಿನ್ ಸೀಮೆಯ ಹೆಮ್ಮೆಯ ತಿನಿಸು ರುಬಿಂಗ್. ಚೀನಾದ ಬಹುಭಾಗಗಳಲ್ಲಿ ಹಾಲಿನ ಅಡಿಗೆಯ ಸಂಪ್ರದಾಯ ಕಡಿಮೆ. ಯುನ್ನಾನ್ ಇದಕ್ಕೆ ಅಪವಾದ. ಹದಿಮೂರನೆಯ ಶತಮಾನದಲ್ಲಿ ಬಂದ ಮಂಗೋಲರ ಬಳುವಳಿ ಇದು ಎಂಬ ಊಹೆಯುಂಟು. ಸೀಮೆಯ ಪೂರ್ವಕ್ಕಿರುವ ಗುಯಿಶಾನ್ ಬೆಟ್ಟದ ಆಡುಗಳ ಹಾಲನ್ನು ಕಾಯಿಸಿ, ಹಿಂದಿನ ಬಾರಿ ಉಳಿಸಿಟ್ಟ ಹುಳಿನೀರನ್ನು ಹಾಕಿ ಒಡೆಸುತ್ತಾರೆ. ಗರಣೆಯನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ಕಲ್ಲಿಟ್ಟು ನೀರು ಇಳಿಸುತ್ತಾರೆ. ನೋಡಲು ನಮ್ಮ ಪನೀರೇ. ಆದರೆ ಹೆಚ್ಚು ಬಿಗಿ, ಸ್ವಲ್ಪ ಉಪ್ಪು, ಆಡಿನ ಹಾಲಿನ ನಸುಗಂಧ. ಹೋಳು ಮಾಡಿ ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು, ಉಪ್ಪು ಮತ್ತು ಮೆಣಸಿನಪುಡಿಯಲ್ಲಿ ಅದ್ದಿ ತಿನ್ನುವುದು ಒಂದು ಕ್ರಮ. ಹಂದಿಮಾಂಸದ ಹೋಳುಗಳೊಡನೆ ಹಬೆಯಲ್ಲಿ ಬೇಯಿಸುವುದು ಇನ್ನೊಂದು. ಮೊದಲನೆಯ ಕ್ರಮದ ಎರಡು ತಟ್ಟೆಗಳು ನಮ್ಮ ಮೇಜಿನ ಮೇಲೆ ಬಂದಷ್ಟೇ ವೇಗವಾಗಿ ಬರಿದಾದವು.

ಬೆಟ್ಟದ ಯೀ ಜನರ ಹಳೆಯ ಆಹಾರ ಜೋಳ, ಆಲೂಗಡ್ಡೆ ಮತ್ತು ಕಹಿ ಬಕ್‌ವೀಟ್. ಇದು ಉತ್ತರ ಭಾರತದಲ್ಲಿ ವ್ರತದ ದಿನ ಬಳಸುವ ಕುಟ್ಟುವಿನ ಹತ್ತಿರದ ಬಂಧು. ಅದರ ಹಿಟ್ಟಿನ ದಪ್ಪ ರೊಟ್ಟಿಯನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ. ಮೊದಲ ತುತ್ತು ಕಹಿ, ಎರಡನೆಯದು ಸಿಹಿ. ಯುಗಾದಿಯ ಬೇವುಬೆಲ್ಲ ತಿಂದವರಿಗೆ ಇದರ ತತ್ವ ವಿವರಿಸಬೇಕಾಗಿಲ್ಲ. ಲುನಾನಿನ ಹುದುಗಿಸಿದ ಸೋಯಾ ಗಿಣ್ಣು ಖಾರವಾಗಿ, ಉಪ್ಪುಪ್ಪಾಗಿ, ಉಪ್ಪಿನಕಾಯಿಯ ಸ್ಥಾನದಲ್ಲಿ ನಿಲ್ಲುತ್ತದೆ. ರಸ್ತೆಬದಿಯಲ್ಲಿ ಕೆಂಡದ ಮೇಲೆ ಸುಟ್ಟ ಆಲೂಗಡ್ಡೆ, ಒಣಮೆಣಸಿನಪುಡಿ, ಕೊತ್ತಂಬರಿ ಸೊಪ್ಪು, ಪುದೀನ. ಇವುಗಳ ನಡುವೆ ನಿಂತಾಗ ಪರದೇಶವೆಂಬ ಭಾವನೆಯೇ ಕರಗಿತು.

ಅಣಬೆಗಳ ಮಾತೆತ್ತದೆ ಯುನ್ನಾನಿನ ಊಟದ ವರ್ಣನೆ ಮುಗಿಯದು. ಮಳೆಗಾಲದಲ್ಲಿ ಇಲ್ಲಿನ ಕಾಡುಗಳಲ್ಲಿ ನೂರಾರು ಬಗೆಯ ಅಣಬೆ ಏಳುತ್ತವೆ. ಜೀಜೋಂಗ್ ಎಂಬುದು ಅವುಗಳಲ್ಲಿ ಶ್ರೇಷ್ಠ. ಗೆದ್ದಲಿನ ಗೂಡಿನಿಂದ ಮೇಲೇಳುವ ಈ ಅಣಬೆಯ ಬಂಧುಗಳು ನಮ್ಮ ಮಲೆನಾಡಿನಲ್ಲಿಯೂ ಹುತ್ತದ ಬಳಿ ಕಾಣಿಸಿಕೊಳ್ಳುತ್ತವೆ. ನಾವು ಹೋದಾಗ ಕಾಲ ಮುಗಿಯುತ್ತ ಬಂದಿತ್ತು. ಎಣ್ಣೆಯಲ್ಲಿ ಹುರಿದು ಶೀಶೆಗೆ ತುಂಬಿಟ್ಟುದನ್ನು ಅನ್ನದೊಡನೆ ಕಲಸಿಕೊಂಡು ತೃಪ್ತರಾದೆವು. ಅಕ್ಕಿಯ ಹಿಟ್ಟನ್ನು ಒತ್ತಿ ಮಾಡುವ ಮಿಶಿಯೆನ್ ಅಂತೂ ನಮ್ಮ ಒತ್ತುಶಾವಿಗೆಯ ದಾಯಾದಿಯೇ ಸರಿ. ಅದರದೊಂದು ಕಥೆಯಿದೆ. ಯುನ್ನಾನಿನ ದಕ್ಷಿಣದ ಮೆಂಗ್‌ಜಿಯಲ್ಲಿ ಪರೀಕ್ಷೆಗೆ ಓದಲು ದ್ವೀಪದಲ್ಲಿದ್ದ ಗಂಡನಿಗೆ ಹೆಂಡತಿ ಸೇತುವೆ ದಾಟಿ ಊಟ ಒಯ್ಯುತ್ತಿದ್ದಳಂತೆ. ಸಾರು ಆರದಿರಲು ಮೇಲೆ ಎಣ್ಣೆಯ ಪದರವಿಟ್ಟು, ಶಾವಿಗೆಯನ್ನು ಬೇರೆಯಾಗಿ ಒಯ್ದು ಅಲ್ಲಿ ಕೂಡಿಸುತ್ತಿದ್ದಳು. 'ಸೇತುವೆ ದಾಟಿದ ಶಾವಿಗೆ' ಎಂಬ ಹೆಸರು ಹೀಗೆ ಬಂದಿತು.

ಕಲ್ಲುಮನೆಗಳ ಊರು

ಎರಡನೆಯ ದಿನ ಗುಯಿಶಾನ್ ಬೆಟ್ಟದ ದಿಕ್ಕಿನಲ್ಲಿರುವ ನುವೊಹೇ ಎಂಬ ಹಳ್ಳಿಗೆ ಹೋದೆವು. ಸಾನಿ ನುಡಿಯಲ್ಲಿ ಆ ಹೆಸರಿಗೆ ಕೋತಿಗಳ ಕೊಳ ಎಂದರ್ಥವಂತೆ. ದಾರಿಯುದ್ದಕ್ಕೂ ಕೆಂಪು ಮಣ್ಣಿನ ಹೊಲ, ತಂಬಾಕಿನ ಬೆಳೆ. ಊರಿನ ಗೋಡೆಗಳೆಲ್ಲ ಸುಣ್ಣಕಲ್ಲಿನ ಚಪ್ಪಡಿಗಳಿಂದ ಕಟ್ಟಿದವು. ಸೂರಿನಡಿ ಹೊಂಬಣ್ಣದ ಜೋಳದ ತೆನೆಗಳನ್ನು ಜಡೆಹೆಣೆದು ತೂಗುಹಾಕಿದ್ದರು.

ಊರಿನ ಬಳಿ ದಟ್ಟವಾದ ಹಳೆಯ ತೋಪೊಂದಿತ್ತು. ಅದು ಮಿಝಿ ಕಾಡು, ಊರನ್ನು ಕಾಯುವ ದೇವತೆಯದು. ಅಲ್ಲಿ ಮರ ಕಡಿಯುವಂತಿಲ್ಲ, ದನ ಮೇಯಿಸುವಂತಿಲ್ಲ. ಚೀನೀ ಪಂಚಾಂಗದ ಹನ್ನೊಂದನೆಯ ತಿಂಗಳಲ್ಲಿ ಗಂಡಸರಷ್ಟೇ ಒಳಹೊಕ್ಕು ಪೂಜೆ ಸಲ್ಲಿಸುತ್ತಾರೆ. ನಮ್ಮಲ್ಲೊಬ್ಬರು ಕೊಡಗಿನವರು. ಅವರು ಕೂಡಲೇ "ದೇವರಕಾಡು" ಎಂದರು. ಸುತ್ತಲಿನ ಗುಡ್ಡ ಬೋಳಾದರೂ ಈ ತೋಪು ಹಸಿರಾಗಿರುವುದು ಕಾನೂನಿನಿಂದಲ್ಲ, ಭಯಭಕ್ತಿಯಿಂದ. ಆರನೆಯ ತಿಂಗಳ ಇಪ್ಪತ್ತನಾಲ್ಕನೆಯ ದಿನ ಬರುವ ದೀವಟಿಗೆಯ ಹಬ್ಬ ಇದಕ್ಕೆ ವ್ಯತಿರಿಕ್ತ. ಹಗಲು ಕುಸ್ತಿ ಮತ್ತು ಗೂಳಿಕಾಳಗ, ರಾತ್ರಿ ಊರೆಲ್ಲ ಪಂಜುಗಳು, ಮೂರು ತಂತಿಯ ದೊಡ್ಡ ವಾದ್ಯದ ತಾಳಕ್ಕೆ ಕುಣಿತ. ಪೈರಿನ ಹುಳುಗಳನ್ನು ಸುಡಲು ಹೊಲದಲ್ಲಿ ಪಂಜು ಹಿಡಿದು ಸುತ್ತುತ್ತಿದ್ದುದರಿಂದ ಈ ಹಬ್ಬ ಬೆಳೆಯಿತೆನ್ನುತ್ತಾರೆ.

ಕರೆದರೆ ಮಾತ್ರ

ಹಿಂದಿರುಗುವ ದಾರಿಯಲ್ಲಿ ನಮ್ಮ ಅತ್ತಿಗೆಯವರು ಆ ಹೆಣ್ಣುಮಗಳನ್ನು ಕೇಳಿದರು: "ಮನೆಯಲ್ಲಿ ಯಾವ ಮಾತಮ್ಮ?"

ಆಕೆ ಸ್ವಲ್ಪ ತಡೆದು ಹೇಳಿದಳು. ತಾಯಿಯೊಡನೆ ಸಾನಿ ಮಾತು. ಗಂಡ ಬೇರೆ ಊರಿನವನು, ಅವನೊಡನೆ ಚೀನೀ. ಏಳು ವರ್ಷದ ಮಗ ಕುನ್ಮಿಂಗಿನ ಶಾಲೆಯಲ್ಲಿ ಓದುತ್ತಾನೆ. ಅಜ್ಜಿ ಸಾನಿಯಲ್ಲಿ ಕೇಳಿದ್ದು ಅವನಿಗೆ ತಿಳಿಯುತ್ತದೆ. ಉತ್ತರ ಮಾತ್ರ ಚೀನೀಯಲ್ಲಿ ಬರುತ್ತದೆ. "ಅವನಿಗೆ ಅಶಿಮಾಳ ಕಥೆ ಪೂರ್ತಿ ಗೊತ್ತು," ಎಂದು ನಕ್ಕಳು, "ಟಿವಿಯಲ್ಲಿ ನೋಡಿದ್ದಾನೆ."

ಗಾಡಿಯಲ್ಲಿ ಯಾರೂ ಮಾತನಾಡಲಿಲ್ಲ. ಆಕೆ ತನ್ನ ಮನೆಯ ವಿಷಯ ಹೇಳುತ್ತಿದ್ದಳು, ನಮಗೆ ಕೇಳಿಸಿದ್ದು ನಮ್ಮ ಮನೆಯದು. ನಮ್ಮಲ್ಲಿ ಮೂವರ ಮೊಮ್ಮಕ್ಕಳು ಮುಂಬಯಿಯಲ್ಲಿಯೇ ಇದ್ದಾರೆ. ಅಜ್ಜಿ 'ಊಟ ಆಯ್ತೇನೋ' ಎಂದರೆ ತಿಳಿಯುತ್ತದೆ. ಮರುಮಾತು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತದೆ. ರಾಜ್ಯೋತ್ಸವದ ದಿನ ಪಂಚೆ ಉಡಿಸಿ ವೇದಿಕೆಗೆ ಹತ್ತಿಸುತ್ತೇವೆ, ಚಿತ್ರ ತೆಗೆಯುತ್ತೇವೆ. ಅಶಿಮಾ ಶಿಲೆಯ ಮುಂದೆ ಬಾಡಿಗೆಯ ಉಡುಗೆ ತೊಟ್ಟು ನಿಂತವರನ್ನು ಕಂಡು ನಾವು ಹುಬ್ಬೇರಿಸಿದ್ದು ನೆನಪಾಗಿ ನಾಚಿಕೆಯಾಯಿತು.

ಸಾನಿಗಳ ಸಂಖ್ಯೆ ಕನ್ನಡಿಗರ ಸಂಖ್ಯೆಯ ಮುಂದೆ ಏನೂ ಅಲ್ಲ. ಕನ್ನಡಕ್ಕೆ ಒಂದು ರಾಜ್ಯವಿದೆ, ಶಾಲೆಗಳಿವೆ, ಪತ್ರಿಕೆಗಳಿವೆ. ಆದರೆ ಹೊರನಾಡಿನ ಒಂದು ಮನೆಯ ಲೆಕ್ಕಕ್ಕೆ ಬಂದರೆ ಆ ವ್ಯತ್ಯಾಸ ಉಳಿಯುವುದಿಲ್ಲ. ಒಂದು ಮನೆಯಲ್ಲಿ ಭಾಷೆ ನಿಲ್ಲುವುದಕ್ಕೆ ಒಂದು ತಲೆಮಾರು ಸಾಕು. ಕಥೆಯನ್ನು ಪುಸ್ತಕ ಉಳಿಸೀತು, ಕಲ್ಲು ಉಳಿಸೀತು, ಸರಕಾರದ ಪಟ್ಟಿ ಉಳಿಸೀತು. ಮಾತನ್ನು ಮಾತ್ರ ಊಟದ ಹೊತ್ತಿನ ಕರೆಯೇ ಉಳಿಸಬೇಕು. ಅಶಿಮಾ ಕೊಟ್ಟ ಮಾತಿನಲ್ಲಿ ಒಂದು ಷರತ್ತಿದೆಯೆಂಬುದು ನಮಗೆ ಆಗ ಹೊಳೆಯಿತು. ಅವಳು ತಾನಾಗಿ ಮಾತನಾಡಳು. ಕರೆದವರಿಗೆ, ಕರೆದ ನುಡಿಯಲ್ಲಿಯೇ ಓಗೊಡುತ್ತಾಳೆ.

ಬೀಳ್ಕೊಡುವ ಮೊದಲು ಬಂಡೆಗಳ ಎದುರಿನ ಬಯಲೊಂದರಲ್ಲಿ ಗಾಡಿ ನಿಲ್ಲಿಸಿ, ಆಕೆ ಬಾಯಿಗೆ ಕೈಯಿಟ್ಟು ಸಾನಿಯಲ್ಲಿ ಏನನ್ನೋ ಕೂಗಿದಳು. ದನಿ ಹೋಗಿ ಮರಳಿತು. "ನೀವೂ ಕರೆಯಿರಿ" ಎಂದಳು. ನಮ್ಮ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು ಕನ್ನಡದಲ್ಲಿ ಕೂಗಿದರು: "ಊಟಕ್ಕೆ ಬಾರಮ್ಮಾ!" ಕಲ್ಲುಗಳು ಅದನ್ನು ತಪ್ಪಿಲ್ಲದೆ ಹಿಂದಕ್ಕೆ ಹೇಳಿದವು.

ಹೋಗಬಯಸುವವರಿಗೆ ಒಂದೆರಡು ಮಾತು. ೨೦೨೦ರಲ್ಲಿ ನಿಂತುಹೋಗಿದ್ದ ಭಾರತ-ಚೀನಾ ನೇರ ವಿಮಾನಗಳು ೨೦೨೫ರ ಅಕ್ಟೋಬರಿನಲ್ಲಿ ಕೋಲ್ಕತ್ತ-ಗುವಾಂಗ್‌ಝೌ ಮಾರ್ಗದಿಂದ ಮತ್ತೆ ಆರಂಭವಾದವು. ಅಕ್ಟೋಬರ್ ಮೊದಲ ವಾರದ ಚೀನೀ ರಾಷ್ಟ್ರೀಯ ರಜೆಯನ್ನು ತಪ್ಪಿಸಿದರೆ ಜನಸಂದಣಿಯಿಂದ ಪಾರಾಗಬಹುದು. ಸಸ್ಯಾಹಾರಿಗಳು ಸಾರನ್ನು ನಂಬದಿರಲಿ, ರುಬಿಂಗನ್ನು ಬಿಡದಿರಲಿ. ಬೆಟ್ಟದ ಕಡೆಗೆ ಒಂದು ಬೆಚ್ಚನೆಯ ಅಂಗಿಯಿರಲಿ. ಸಾಧ್ಯವಾದರೆ ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ, ಆ ಬಂಡೆಗಳ ಮುಂದೆ ನಿಲ್ಲಿಸಿ, ಕನ್ನಡದಲ್ಲಿ ಒಮ್ಮೆ ಕೂಗಿಸಿರಿ.